ಕಡಲಿಲ್ಲದ ಜಿಲ್ಲೆಯಲ್ಲಿ ಒಂದು ದೋಣಿವಿಹಾರ

ದೋಣಿಯಲ್ಲಿ ಕುಳಿತು ಪ್ರಾಣಿಪಕ್ಷಿಗಳನ್ನು ನೋಡುವುದೆಂದರೆ ಕರಾವಳಿಯವರಾದ ನಮಗೆ ಮೊದಲು ನೆನಪಾಗುವುದು ಅಳಿವೆ, ಹಿನ್ನೀರು, ಕಾಂಡ್ಲ ಕಾಡು. ವಲಿಯಪರಂಬದ ಹಿನ್ನೀರಿನಲ್ಲಿ ಅರ್ಧ ದಿನ ಕಳೆದವರು ನೀರುಕಾಗೆ, ಬೆಳ್ಳಕ್ಕಿ, ಗರುಡಗಳನ್ನು ಕಾಣದೆ ಮರಳುವುದು ಅಪರೂಪ. ನಮ್ಮ ಕಡಲತೀರದ ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಪಕ್ಷಿಯೆಂದೂ, ಚಂದ್ರಗಿರಿ ಹೊಳೆಯಲ್ಲಿ ಬದುಕುವ ದೈತ್ಯ ಆಮೆಯನ್ನು ಜಿಲ್ಲೆಯ ಜೀವಿಯೆಂದೂ ಕಾಸರಗೋಡು ಜಿಲ್ಲಾ ಪಂಚಾಯತು 2023ರಲ್ಲಿ ಘೋಷಿಸಿದ್ದು ಓದುಗರಿಗೆ ತಿಳಿದೇ ಇದೆ.

ಆದರೆ ಸಮುದ್ರದ ಗಾಳಿಯೇ ಸೋಕದ ತಮಿಳುನಾಡಿನ ಧರ್ಮಪುರಿ ಮತ್ತು ಸೇಲಂ ಜಿಲ್ಲೆಗಳಲ್ಲಿಯೂ ಇಂಥದೊಂದು ದೋಣಿವಿಹಾರ ಇದೆ. ಅಲ್ಲಿ ಕಡಲಿನ ಸ್ಥಾನದಲ್ಲಿ ಕಾವೇರಿ, ದೋಣಿಯ ಸ್ಥಾನದಲ್ಲಿ ಹರಿಗೋಲು. ಹೊಗೇನಕಲ್ಲಿನ ಜಲಪಾತದ ಹೆಸರನ್ನು ಕೇಳದವರು ಕಡಿಮೆ. ಅಲ್ಲಿಗೆ ಹೋಗಿ ಬಂದವರು ಜಲಪಾತದ ಭೋರ್ಗರೆತ, ಎಣ್ಣೆಸ್ನಾನ, ಬಿಸಿಬಿಸಿ ಹುರಿದ ಮೀನು ಈ ಮೂರನ್ನು ತಪ್ಪದೆ ವರ್ಣಿಸುತ್ತಾರೆ. ಅದೇ ನೀರಿನಲ್ಲಿ, ಅದೇ ಬಂಡೆಗಳ ಮೇಲೆ ಮೊಸಳೆಯೂ ನೀರುನಾಯಿಯೂ ಮೀನುಗಿಡುಗವೂ ಸಂಸಾರ ಹೂಡಿರುವುದನ್ನು ಹೇಳುವವರು ವಿರಳ. ಆ ಸಂಸಾರದ ಪರಿಚಯವೇ ಈ ಲೇಖನದ ಉದ್ದೇಶ. ಕಾವೇರಿಯ ನೀರನ್ನು ರಾಜ್ಯಗಳು ಅಳೆದು ಹಂಚಿಕೊಂಡಾಗ ಈ ಜೀವಿಗಳ ಪಾಲಿಗೆ ಬಂದದ್ದೆಷ್ಟು ಎಂಬುದನ್ನೂ ಹೇಳಬೇಕಾಗಿದೆ.

ಹೆಸರೇ ಕನ್ನಡ

ಹೊಗೇನಕಲ್ಲು ಎಂಬ ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಂಡೆಗೆ ಅಪ್ಪಳಿಸಿದ ನೀರು ತುಂತುರಾಗಿ ಮೇಲೇಳುವಾಗ ಕಲ್ಲೇ ಹೊಗೆಯಾಡಿದಂತೆ ಕಾಣುತ್ತದೆ. ನದಿಯ ಎಡದಂಡೆ ತಮಿಳುನಾಡಿನ ಧರ್ಮಪುರಿ ಜಿಲ್ಲೆ, ಬಲದಂಡೆ ಕರ್ನಾಟಕದ ಚಾಮರಾಜನಗರ ಜಿಲ್ಲೆ. ಹಿಂದೆ ಎಡದಂಡೆಯ ಸೀಮೆ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು.

ಬಾರಾಮಹಲ್ ಎಂದು ಕರೆಯಲ್ಪಡುತ್ತಿದ್ದ ಈ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಕುಂಪಣಿಯ ವಶವಾಯಿತು. ಅಲ್ಲಿ ಕಂದಾಯದ ಕೆಲಸ ಮಾಡಿದ ಥಾಮಸ್ ಮನ್ರೋ 1799ರಲ್ಲಿ ನಮ್ಮ ಕೆನರಾಕ್ಕೆ ಕಲೆಕ್ಟರನಾಗಿ ಬಂದ. ಹೀಗೆ ಎರಡು ಗಡಿನಾಡುಗಳೂ ಒಬ್ಬನೇ ಅಧಿಕಾರಿಯ ಕೈಕೆಳಗೆ ಪಳಗಿದುವು. ಹೊಸೂರು, ಡೆಂಕಣಿಕೋಟೆ, ತಳಿ ಕಡೆಗಳಲ್ಲಿ ಕನ್ನಡ ಮನೆಮಾತಾದ ಕುಟುಂಬಗಳು ಇಂದಿಗೂ ಬಹಳ. ಸೇಲಂ ನಗರದ ದೇವಾಂಗ ನೇಕಾರರ ಮನೆಗಳಲ್ಲಿಯೂ ಕನ್ನಡ ಕೇಳಬಹುದು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಎಂಬ ಬದುಕು ನಮ್ಮಂತೆಯೇ ಅವರಿಗೂ ಅಭ್ಯಾಸವಾಗಿದೆ.

ಹರಿಗೋಲೆಂಬ ವಾಹನ

ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಮೈಗೆ ನೀರು ಇಳಿಯದ ಹೊದಿಕೆ ಹಾಕಿದರೆ ಹರಿಗೋಲಾಯಿತು. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ. ತಮಿಳರು ಇದನ್ನು ಪರಿಸಲ್ ಎನ್ನುತ್ತಾರೆ. ಇದಕ್ಕೆ ಮುಂಭಾಗ ಹಿಂಭಾಗವೆಂಬುದಿಲ್ಲ. ಅಂಬಿಗ ಹುಟ್ಟು ಹಾಕಿದ ಕಡೆಯೇ ಮುಂಭಾಗ. ಗೇಣುದ್ದ ನೀರಿದ್ದರೂ ಸಾಕು, ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿಯೂ ನುಸುಳುತ್ತದೆ. ನೀರು ಮುಗಿದು ಕಲ್ಲು ಬಂದರೆ ಅಂಬಿಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಆಚೆ ಬದಿಗೆ ನಡೆದುಬಿಡುತ್ತಾನೆ.

ಪ್ರಾಣಿಗಳನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ಇಂಜಿನಿನ ಸದ್ದಿಲ್ಲ, ಎಣ್ಣೆಯ ವಾಸನೆಯಿಲ್ಲ, ದಡ ಕೊರೆಯುವ ಅಲೆಯಿಲ್ಲ. ಸದ್ದೇನಾದರೂ ಇದ್ದರೆ ಅದು ಒಳಗೆ ಕುಳಿತವರದು. ಜಲಪಾತದ ಕೆಳಗೆ ಎರಡೂ ಕಡೆ ಕಡಿದಾದ ಬಂಡೆಗೋಡೆಗಳ ನಡುವೆ ನದಿ ಸಾಗುವಲ್ಲಿ ಪ್ರವಾಸಿಗಳು ಕೂಗಿ ಪ್ರತಿಧ್ವನಿ ಕೇಳುವುದು ರೂಢಿ. ಆ ಕೂಗಿಗೆ ಬಂಡೆ ಓಗೊಡುತ್ತದೆ, ನಿಜ. ಆದರೆ ಅದಕ್ಕೂ ಮೊದಲೇ ಪ್ರಾಣಿಗಳೆಲ್ಲ ಜಾಗ ಖಾಲಿ ಮಾಡಿರುತ್ತವೆ. ಜನಸಂದಣಿಯ ಜಲಪಾತದ ಬುಡದಿಂದ ದೂರ, ನೀರು ನಿಧಾನವಾಗುವ ಕಡೆಗೆ ಕರೆದೊಯ್ಯಲು ಅಂಬಿಗನನ್ನು ಕೇಳಿಕೊಂಡರೆ, ಬಾಯಿ ಮುಚ್ಚಿ ಕಣ್ಣು ತೆರೆದು ಕುಳಿತರೆ, ಅರ್ಧ ತಾಸಿನಲ್ಲಿ ನದಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಬಂಡೆಯ ಮೇಲೆ ಬಿಸಿಲು ಕಾಯುವವನು

ಅನಂತಪುರ ದೇವಸ್ಥಾನದ ಕೆರೆಯ ಬಬಿಯನನ್ನು ಕಂಡು ಕೈಮುಗಿಯದವರು ನಮ್ಮ ಊರುಗಳಲ್ಲಿ ಕಡಿಮೆ. ದೇವರ ನೈವೇದ್ಯವನ್ನೇ ಉಣ್ಣುತ್ತಿತ್ತೆಂದು ಪ್ರಸಿದ್ಧವಾಗಿದ್ದ ಆ ಮೊಸಳೆ 2022ರ ಅಕ್ಟೋಬರದಲ್ಲಿ ತೀರಿಕೊಂಡಾಗ ಸಾವಿರಾರು ಜನ ಕೊನೆಯ ದರ್ಶನಕ್ಕೆ ನೆರೆದಿದ್ದರು. ಹೊಗೇನಕಲ್ಲಿನ ಮೊಸಳೆಗಳೂ ಬಬಿಯನ ಜಾತಿಯವೇ, ಸಿಹಿನೀರಿನ ಜೌಗುಮೊಸಳೆಗಳು. ಆದರೆ ಇವು ಯಾರ ಕೈಯ ಅನ್ನವನ್ನೂ ಉಂಡವಲ್ಲ. ಬಬಿಯನ ಸೌಮ್ಯತೆಯನ್ನು ಇವುಗಳಿಂದ ನಿರೀಕ್ಷಿಸಬಾರದು.

ಮೊಸಳೆಯನ್ನು ನೋಡಬೇಕಾದರೆ ಚಳಿಗಾಲದ ಬೆಳಗು ಒಳ್ಳೆಯದು. ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದ ಜೀವಿ ಅದು. ಆದ್ದರಿಂದ ಬಿಸಿಲೇರುತ್ತಿದ್ದಂತೆ ಚಪ್ಪಟೆ ಬಂಡೆಯನ್ನೋ ಮರಳುದಿಣ್ಣೆಯನ್ನೋ ಏರಿ ಅಲುಗದೆ ಮಲಗುತ್ತದೆ. ಬಾಯಿ ತೆರೆದುಕೊಂಡಿದ್ದರೆ ಅದು ಕೋಪವಲ್ಲ, ಮೈಯ ಕಾವು ಇಳಿಸುವ ಉಪಾಯ. ಬಂಡೆಯ ಬಣ್ಣವೂ ಅದರ ಬಣ್ಣವೂ ಒಂದೇ ಆದುದರಿಂದ ಮೊದಲ ನೋಟಕ್ಕೆ ತಿಳಿಯುವುದಿಲ್ಲ. ನಮ್ಮ ಅಂಬಿಗ ಹುಟ್ಟು ನಿಲ್ಲಿಸಿ, ತಮಿಳೂ ಕನ್ನಡವೂ ಬೆರೆತ ಮಾತಿನಲ್ಲಿ “ಅಲ್ಲಿ ಪಾರುಂಗ ಸಾರ್, ಕಲ್ಲಲ್ಲ ಅದು” ಎಂದ ಮೇಲೆಯೇ ನಮಗೆ ಬಾಲ ಯಾವುದು, ಬಂಡೆಯ ಬಿರುಕು ಯಾವುದು ಎಂದು ಗೊತ್ತಾದದ್ದು.

ಬೇಸಗೆಯ ಮೊದಲ ತಿಂಗಳುಗಳಲ್ಲಿ ಹೆಣ್ಣು ಮೊಸಳೆ ನದಿಯಂಚಿನ ಮರಳಿನಲ್ಲಿ ಗುಂಡಿ ತೋಡಿ 25-30 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಮರಿಯಾಗಲು ಸುಮಾರು ಎರಡು ತಿಂಗಳು ಬೇಕು. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಮೊಟ್ಟೆಯೊಳಗಿನಿಂದ ಮರಿಗಳ ಕೂಗು ಕೇಳಿಸಿದಾಗ ತಾಯಿ ಮರಳನ್ನು ಕೆದಕಿ, ಮರಿಗಳನ್ನು ಬಾಯಲ್ಲಿ ಕಚ್ಚದೆ ಎತ್ತಿ ನೀರಿಗೆ ಬಿಡುತ್ತದೆ. ಚರ್ಮದ ವ್ಯಾಪಾರಕ್ಕೆ ಬಲಿಯಾಗಿ ದೇಶದಲ್ಲೆಲ್ಲ ಮೊಸಳೆ ಕ್ಷೀಣಿಸಿದ್ದಾಗ 1972ರ ವನ್ಯಜೀವಿ ರಕ್ಷಣಾ ಕಾಯಿದೆ ಬಂತು, 1975ರಲ್ಲಿ ಕೇಂದ್ರ ಸರಕಾರ ಮೊಸಳೆ ರಕ್ಷಣಾ ಯೋಜನೆಯನ್ನು ಕೈಗೆತ್ತಿಕೊಂಡಿತು. ಹೊಗೇನಕಲ್ಲಿನಲ್ಲಿ ತಮಿಳುನಾಡು ಅರಣ್ಯ ಇಲಾಖೆಯ ಮೊಸಳೆ ಪುನರ್ವಸತಿ ಕೇಂದ್ರವಿದೆ. ಹೊಳೆಯಲ್ಲಿ ಕಾಣದ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಬಹುದು.

ನೀರುನಾಯಿಯ ಕೂಡುಕುಟುಂಬ

ಹರಿಗೋಲಿನಿಂದ ಕಾಣಸಿಗುವ ಜೀವಿಗಳಲ್ಲಿ ಮಕ್ಕಳ ಮನಸ್ಸನ್ನು ಗೆಲ್ಲುವುದು ನೀರುನಾಯಿ. ನುಣುಪು ಮೈಯ, ಚಪ್ಪಟೆ ಬಾಲದ ಈ ಪ್ರಾಣಿ ಒಂಟಿಯಾಗಿರುವುದು ಕಡಿಮೆ. ತಂದೆ, ತಾಯಿ, ದೊಡ್ಡ ಮರಿ, ಚಿಕ್ಕ ಮರಿ ಎಲ್ಲ ಸೇರಿ ಅವಿಭಕ್ತ ಕುಟುಂಬ. ಮೀನು ಹಿಡಿಯುವಾಗ ಎಲ್ಲವೂ ಸಾಲಾಗಿ ಈಜಿ, ಮೀನಿನ ಹಿಂಡನ್ನು ದಡದ ಕಡೆಗೆ ಅಟ್ಟುತ್ತವೆ. ನಮ್ಮ ಬೀಸುಬಲೆಯವರು ನಾಲ್ಕು ಜನ ಸೇರಿ ಮಾಡುವ ಕೆಲಸವನ್ನು ಅವು ಬಲೆಯಿಲ್ಲದೆ ಮಾಡುತ್ತವೆ.

ಪ್ರಾಣಿ ಕಾಣದಿದ್ದರೂ ಗುರುತು ಕಾಣಬಹುದು. ನೀರಂಚಿನ ಚಪ್ಪಟೆ ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ಬೆರೆತ ಲದ್ದಿ ಬಿದ್ದಿದ್ದರೆ ಅದು ನೀರುನಾಯಿಯ ಕುಟುಂಬದ ಕಟ್ಟೆ. ದಿನವೂ ಅಲ್ಲಿಗೆ ಬಂದು ಮೈ ಒರಸಿ, ವಾಸನೆ ಬಿಟ್ಟು, ಇದು ನಮ್ಮ ಜಾಗವೆಂದು ಸಾರುತ್ತವೆ. ಮರಿ ಹಾಕಲು ಬಂಡೆಯ ಸಂದು, ಮರದ ಬೇರಿನ ಪೊಟರೆ, ಕಲಕದ ಮರಳದಂಡೆ ಬೇಕು. ತುಪ್ಪಳಕ್ಕಾಗಿ ಇವನ್ನು ಕೊಲ್ಲುವವರೂ, ಸಾಕುವ ಶೋಕಿಗಾಗಿ ಮರಿಗಳನ್ನು ಕದಿಯುವವರೂ ಹೆಚ್ಚಿದ್ದರಿಂದ 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಇದರ ವ್ಯಾಪಾರವನ್ನು ಸಂಪೂರ್ಣ ನಿಷೇಧಿಸಲಾಯಿತು. ಬಲೆ ಹರಿದು ಮೀನು ಕದಿಯುವ ನೀರುನಾಯಿಯ ಮೇಲೆ ಬೆಸ್ತರಿಗೆ ಸಿಟ್ಟಿರುವುದು ಸಹಜವೇ. ಆದರೆ ತೋಟೆ ಸಿಡಿಸಿ ಮೀನು ಹಿಡಿಯುವ ದುರುಳರಿಂದ ಬೆಸ್ತನಿಗೂ ನೀರುನಾಯಿಗೂ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಂದು ಸ್ಫೋಟಕ್ಕೆ ದೊಡ್ಡ ಮೀನಿನೊಂದಿಗೆ ಮರಿಮೀನುಗಳೂ ಸಾಯುತ್ತವೆ. ಮುಂದಿನ ವರ್ಷದ ಬಲೆ ಈ ವರ್ಷವೇ ಬರಿದಾಗುತ್ತದೆ.

ಬಿಳಿ ಮೀನಿನ ಕಥೆ

ಕಾವೇರಿ ತೀರದವರು ಬಿಳಿ ಮೀನು ಎಂದು ಕರೆಯುವ ಮಹಶೀರ್ ಸಿಹಿನೀರಿನ ಮೀನುಗಳಲ್ಲಿ ಅರಸನಿದ್ದಂತೆ. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸೋದರರಲ್ಲೊಬ್ಬರು ಗಾಳದಿಂದ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಈ ಮೀನಿನ ಕೀರ್ತಿಯನ್ನು ಇಂಗ್ಲಿಷಿನಲ್ಲಿ ಹಬ್ಬಿಸಿದವರಲ್ಲಿ ಪ್ರಮುಖನಾದ ಹೆನ್ರಿ ಸಲಿವನ್ ಥಾಮಸ್ ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು. ಭಾರತದ ಗಾಳಮೀನುಗಾರಿಕೆಯ ಬಗ್ಗೆ ಅವನ ಪುಸ್ತಕ ಹೊರಬಂದದ್ದು 1873ರಲ್ಲಿ.

ಇಷ್ಟು ಹೆಸರುವಾಸಿಯಾದರೂ ಕಾವೇರಿಯ ಗೂನುಬೆನ್ನಿನ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಮಹಶೀರಿಗೆ ಶಾಸ್ತ್ರೀಯವಾದ ಹೆಸರು ಯಾವುದೆಂದು ಬಹುಕಾಲ ತೀರ್ಮಾನವಾಗಿರಲಿಲ್ಲ. 2018ರಲ್ಲಿ ಸಂಶೋಧಕರು ಇದು ಕೇರಳದ ಪಾಂಬಾರಿನಲ್ಲಿ ಗುರುತಿಸಲಾಗಿದ್ದ ಟಾರ್ ರೇಮಾದೇವಿ ಎಂಬ ಮೀನೇ ಎಂದು ಸಾಧಿಸಿ ತೋರಿಸಿದರು. ಪಾಂಬಾರು ಇಡುಕ್ಕಿ ಜಿಲ್ಲೆಯಲ್ಲಿ ಪೂರ್ವಕ್ಕೆ ಹರಿದು ಕೊನೆಗೆ ಕಾವೇರಿಯನ್ನೇ ಸೇರುವ ಹೊಳೆ. ಹೆಸರು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿ ರೇಮಾದೇವಿಯವರದು. ಮೀನಿಗೆ ಹೆಸರು ಸಿಕ್ಕಿದ ವರ್ಷವೇ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಈ ಮೀನು ಇಲ್ಲ.

ಇದರ ಅವನತಿಗೆ ಅಣೆಕಟ್ಟು, ತೋಟೆ, ಮರಳುಗಾರಿಕೆ ಇವುಗಳ ಜತೆಗೆ ಸದುದ್ದೇಶದ ಒಂದು ಕೆಲಸವೂ ಕಾರಣವಾಯಿತೆಂಬುದು ಗಮನಿಸತಕ್ಕ ವಿಷಯ. ಮಹಾರಾಷ್ಟ್ರದ ಲೋನಾವಳದಲ್ಲಿ ಕೃತಕವಾಗಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ಮೀನು ಹೆಚ್ಚಲೆಂದು ಕಾವೇರಿಗೆ ತಂದು ಬಿಡಲಾಯಿತು. ಬಂದ ಜಾತಿ ಬೆಳೆಯಿತು, ನೆಲದ ಜಾತಿ ಬಡವಾಯಿತು. ಇಂದು ಹೊಗೇನಕಲ್ಲಿನ ನೀರಿನಲ್ಲಿ ದೊಡ್ಡ ಮೀನೊಂದು ಮಗುಚಿದ್ದು ಕಂಡರೆ ಅದು ಆ ಹೊಸ ಜಾತಿಯದಾಗಿರುವ ಸಂಭವವೇ ಹೆಚ್ಚು. ದಡದ ಬಾಣಲೆಯಲ್ಲಿ ಹುರಿಯುವ ಮೀನುಗಳಲ್ಲಿಯೂ ಆಫ್ರಿಕದಿಂದ ಬಂದ ಜಿಲೇಬಿ ಮೀನು ಬಹಳ. ರುಚಿಗೆ ಕೊರತೆಯಿಲ್ಲ. ತಿನ್ನುವಾಗ ಇದು ಕಾವೇರಿಯ ಮೂಲ ನಿವಾಸಿಯಲ್ಲವೆಂಬುದು ತಿಳಿದಿರಲಿ, ಅಷ್ಟೇ.

ಮೀನಿನೊಂದಿಗೆ ಆಮೆಯನ್ನೂ ಹೇಳಬೇಕು. ನಮ್ಮ ಚಂದ್ರಗಿರಿಯ ದೈತ್ಯ ಆಮೆಯ ದೂರದ ನೆಂಟನಾದ ಲೀತ್ ಆಮೆ ಇಲ್ಲಿದೆ. ಬೆನ್ನಿನ ಮೇಲೆ ಗಟ್ಟಿ ಚಿಪ್ಪಿನ ಬದಲು ತೊಗಲಿನಂಥ ಮೆದು ಹೊದಿಕೆ, ಉಸಿರಾಡಲು ನೀರಿನಿಂದ ಹೊರಚಾಚುವ ಕೊಳವೆಯಂಥ ಮೂಗು. ಶಾಂತವಾದ ನೀರಿನಲ್ಲಿ ಆ ಮೂಗಿನ ತುದಿಯಷ್ಟೇ ಕಂಡೀತು. ಮಾಂಸಕ್ಕಾಗಿ ಬೇಟೆಯಾಡಿ ಇದನ್ನೂ ಅಪರೂಪ ಮಾಡಲಾಗಿದೆ.

ತಲೆಯೆತ್ತಿ ನೋಡಿದರೆ

ನೀರಿನ ಮೇಲೆಯೇ ಕಣ್ಣಿಟ್ಟು ಕುಳಿತವರು ಅರ್ಧವನ್ನು ಕಳೆದುಕೊಳ್ಳುತ್ತಾರೆ. ಹೊಳೆಯಂಚಿನ ಒಣಕೊಂಬೆಯ ಮೇಲೆ ಬೂದು ತಲೆಯ, ಕಂದು ಮೈಯ ಹಕ್ಕಿಯೊಂದು ಗಂಭೀರವಾಗಿ ಕುಳಿತಿದ್ದರೆ ಅದು ಕಿರಿಯ ಮೀನುಗಿಡುಗ. ನಮ್ಮ ಕಡಲ ಹದ್ದಿನ ದಾಯಾದಿ. ಅದರ ಅಂಗಾಲುಗಳಲ್ಲಿ ಅರದಂತೆ ಚೂಪಾದ ಉಬ್ಬುಗಳಿವೆ, ಜಾರುವ ಮೀನು ಜಾರಲಾರದು. ಕಪ್ಪು ಬಿಳಿ ಬಣ್ಣದ ಮಿಂಚುಳ್ಳಿ ನೀರಿನ ಮೇಲೆ ಆಕಾಶದಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ಧುಮುಕುತ್ತದೆ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸುತ್ತಿರುತ್ತವೆ. ಹಳದಿ ಕೊಕ್ಕಿನ, ಕಪ್ಪು ಟೊಪ್ಪಿಯ, ಸೀಳು ಬಾಲದ ಬೆಳ್ಳಗಿನ ಹಕ್ಕಿ ಹೊಳೆಯ ರೀವ. ಅದು ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ನಡುಹೊಳೆಯ ಮರಳುದಿಣ್ಣೆಯ ಮೇಲೆಯೇ ಬಯಲಲ್ಲಿ ಮೊಟ್ಟೆಯಿಡುತ್ತದೆ.

ದಡದ ಹೊಳೆಮತ್ತಿ ಮರಗಳ ಕೊಂಬೆಗಳು ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಬೂದು ಬಣ್ಣದ ದೊಡ್ಡ ಅಳಿಲನ್ನು ಹುಡುಕಬೇಕು. ಬೆಕ್ಕಿನಷ್ಟು ದೊಡ್ಡದು, ಬಾಲವೇ ಮೈಯಷ್ಟು ಉದ್ದ. ಮಲಯಾಳದಲ್ಲಿ ಇದನ್ನು ಚಾಂಬಲ್ ಮಲಯಣ್ಣಾನ್ ಎನ್ನುತ್ತಾರೆ. ಕೇರಳದಲ್ಲಿ ಇದರ ನೆಲೆ ಇಡುಕ್ಕಿಯ ಚಿನ್ನಾರ್ ಅಭಯಾರಣ್ಯ. ಶ್ರೀಲಂಕೆಯನ್ನು ಬಿಟ್ಟರೆ ದಕ್ಷಿಣ ಭಾರತದ ಕೆಲವೇ ತುಣುಕು ಕಾಡುಗಳಲ್ಲಿ ಇದು ಉಳಿದಿದೆ, ಕಾವೇರಿಯ ದಡ ಅವುಗಳಲ್ಲೊಂದು. ಈ ಅಳಿಲು ನೆಲಕ್ಕಿಳಿಯುವುದು ಬಲು ಅಪರೂಪ. ನಡುವೆ ನಾಲ್ಕು ಮರ ಕಡಿದರೆ ಅದಕ್ಕೆ ಸೇತುವೆ ಮುರಿದಂತೆ.

ಬೇಸಗೆಯಲ್ಲಿ ಕಾಡಿನ ಕೆರೆಗಳು ಬತ್ತಿದಾಗ ಆನೆಗಳ ಹಿಂಡು ಸಂಜೆ ಹೊಳೆಗಿಳಿಯುತ್ತದೆ. ಪೆನ್ನಾಗರದಿಂದ ಹೊಗೇನಕಲ್ಲಿಗೆ ಇಳಿಯುವ ರಸ್ತೆಯೂ ಕಾಡಿನ ನಡುವೆಯೇ ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಆ ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು ಕ್ಷೇಮವಲ್ಲ.

ಒಂದು ಕಾಲಕ್ಕೆ ಈ ಕಾಡುಗಳ ಹೆಸರೆತ್ತಿದರೆ ಜನರಿಗೆ ನೆನಪಾಗುತ್ತಿದ್ದವನು ವೀರಪ್ಪನ್. ಎದುರು ದಂಡೆಯ ಗೋಪಿನಾಥಂ ಅವನ ಊರು. 2004ರ ಅಕ್ಟೋಬರದಲ್ಲಿ ಧರ್ಮಪುರಿ ಜಿಲ್ಲೆಯಲ್ಲಿಯೇ ಪೊಲೀಸರ ಗುಂಡಿಗೆ ಅವನು ಬಲಿಯಾದ ಮೇಲೆ ಆ ಭಯ ಕಳೆಯಿತು. ಕರ್ನಾಟಕದ ಕಾವೇರಿ ಅಭಯಾರಣ್ಯ 1987ರಲ್ಲೇ ಘೋಷಿತವಾಗಿತ್ತು. 2022ರ ನವೆಂಬರದಲ್ಲಿ ತಮಿಳುನಾಡು ಸರಕಾರ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ 686 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ದಕ್ಷಿಣ ಅಭಯಾರಣ್ಯವೆಂದು ಸಾರಿತು. ಅದರೊಳಗೆ 35 ಜಾತಿಯ ಸ್ತನಿಗಳೂ 238 ಜಾತಿಯ ಹಕ್ಕಿಗಳೂ ಇವೆಯೆಂದು ಸರಕಾರದ ಲೆಕ್ಕ. ಎರಡು ರಾಜ್ಯಗಳು ನೀರಿಗಾಗಿ ಜಗಳಾಡುತ್ತಿದ್ದರೂ ಅವುಗಳ ಕಾಡು ಹೀಗೆ ಒಂದಾಗಿದೆ.

ಮೆಟ್ಟೂರಿನ ಹಿನ್ನೀರು

ಹೊಗೇನಕಲ್ಲಿನ ಕೆಳಗೆ ಕಾವೇರಿ ಸೇಲಂ ಜಿಲ್ಲೆಯ ಮೆಟ್ಟೂರು ಜಲಾಶಯವನ್ನು ಸೇರುತ್ತದೆ. 1925ರಲ್ಲಿ ಕೆಲಸ ತೊಡಗಿ 1934ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ, ಹಿಡಿಯುವ ನೀರು 93.47 ಟಿ.ಎಂ.ಸಿ. ತುಂಬಿದಾಗ ಹಿನ್ನೀರು ಹೊಗೇನಕಲ್ಲಿನ ಸಮೀಪದವರೆಗೂ ಚಾಚುತ್ತದೆ. ಬತ್ತಿದಾಗ ಪಣ್ಣವಾಡಿಯ ಬಳಿ, ಮುಳುಗಿದ ಊರುಗಳ ಹಳೆಯ ಇಗರ್ಜಿಯ ಗೋಪುರ, ಜಲಕಂಠೇಶ್ವರನ ಗುಡಿಯ ನಂದಿ ಒಂದೊಂದಾಗಿ ತಲೆಯೆತ್ತುತ್ತವೆ. ನೀರು ಇಳಿಯುತ್ತ ಬಯಲಾದ ಕೆಸರಿನಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳ ಸಂತೆ ನೆರೆಯುತ್ತದೆ. ಬೆಸ್ತರ ಹರಿಗೋಲುಗಳೂ ಹಕ್ಕಿಗಳೂ ಒಂದೇ ಮೀನಿನ ಹಿಂದೆ ಬಿದ್ದಿರುವುದನ್ನು ಅಲ್ಲಿ ಕಾಣಬಹುದು.

ಹತ್ತು ಟಿ.ಎಂ.ಸಿ.ಯ ಪಾಲು

ಹೊಗೇನಕಲ್ಲಿಗಿಂತ ಸ್ವಲ್ಪ ಮೇಲೆ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದ ಅಳತೆಯ ಕೇಂದ್ರವಿದೆ. ಕರ್ನಾಟಕ ತಮಿಳುನಾಡಿಗೆ ಎಷ್ಟು ನೀರು ಬಿಟ್ಟಿತೆಂದು ಲೆಕ್ಕ ಹಾಕುವುದು ಇಲ್ಲಿಯೇ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪಿನಂತೆ ವರ್ಷಕ್ಕೆ 177.25 ಟಿ.ಎಂ.ಸಿ. ನೀರು ಇಲ್ಲಿ ಹಾದುಹೋಗಬೇಕು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಕಾವೇರಿಯ ಒಟ್ಟು ನೀರನ್ನು 740 ಟಿ.ಎಂ.ಸಿ. ಎಂದು ಹಿಡಿದು ಹಂಚಲಾಗಿದೆ. ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕಡಲಿಗೆ ಹರಿದು ಹೋಗದೆ ಬಿಡದೆಂದು 4. ಪರಿಸರ ರಕ್ಷಣೆಗೆ 10. ಈ ಹತ್ತೇ ಮೊಸಳೆ, ನೀರುನಾಯಿ, ಬಿಳಿ ಮೀನು, ಆಮೆ, ರೀವಗಳ ಹೆಸರಿನಲ್ಲಿ ಬರೆದಿಟ್ಟ ಪಾಲು. ನೂರಕ್ಕೆ ಒಂದೂವರೆಯೂ ಅಲ್ಲ.

ಪಾಲು ಚಿಕ್ಕದೆಂಬುದು ಒಂದು ಮಾತು. ಅದು ಯಾವಾಗ ಬರುತ್ತದೆಂಬುದು ಅದಕ್ಕಿಂತ ದೊಡ್ಡ ಮಾತು. ಗದ್ದೆಗೆ ಹೇಗೆ ನಾಟಿಯ ಹೊತ್ತಿಗೆ ನೀರು ಬೇಕೋ, ಕೊಯ್ಲಿನ ಹೊತ್ತಿಗೆ ಬೇಡವೋ, ಹೊಳೆಯ ಜೀವಿಗಳಿಗೂ ಹಾಗೆಯೇ ಒಂದು ಕಾಲಮಾನ ಇದೆ. ಮೊಸಳೆಯ ಮೊಟ್ಟೆಯೂ ರೀವದ ಮೊಟ್ಟೆಯೂ ಮರಳಿನಲ್ಲಿರುವ ಬೇಸಗೆಯಲ್ಲಿ ಮೇಲಿನ ಅಣೆಕಟ್ಟಿನ ಬಾಗಿಲು ಹಠಾತ್ತನೆ ತೆರೆದರೆ ಒಂದು ರಾತ್ರಿಯಲ್ಲಿ ಒಂದು ತಲೆಮಾರು ಕೊಚ್ಚಿಹೋಗುತ್ತದೆ. ಹೊಳೆ ತೀರಾ ಬತ್ತಿ ಗುಂಡಿಗಳಷ್ಟೇ ಉಳಿದರೆ ಮೀನುಗಳೆಲ್ಲ ಅಲ್ಲಿ ಕೂಡಿ ತೋಟೆಯವರ ಕೈಗೆ ಸುಲಭದ ತುತ್ತಾಗುತ್ತವೆ. ಮೊದಲ ಮಳೆಯ ಪ್ರವಾಹ ಬಾರದಿದ್ದರೆ ಮಹಶೀರಿಗೆ ಮೊಟ್ಟೆಯಿಡಲು ಮೇಲಕ್ಕೆ ಈಜುವ ಸೂಚನೆಯೇ ಸಿಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ವರ್ಷದ ಮೊತ್ತ ಸರಿಹೊಂದಿದರೂ ಜೀವಿಗಳ ಪಾಲಿಗೆ ಆ ವರ್ಷ ಬರಗಾಲವಾಗಬಹುದು. ರೈತನ ಪಾಲನ್ನು ಕಸಿದು ಮೊಸಳೆಗೆ ಕೊಡಿರೆಂದು ನಾವು ಹೇಳುವುದಿಲ್ಲ. ಬಿಡುವ ನೀರನ್ನೇ ಕಾಲವರಿತು, ಹಂತ ಹಂತವಾಗಿ ಬಿಟ್ಟರೆ ಬಹಳಷ್ಟು ಉಳಿಯುತ್ತದೆ.

ಇದು ಮೊಸಳೆಯ ಮಾತು ಮಾತ್ರವೂ ಅಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬಾವಿನೀರಿನಲ್ಲಿ ಫ್ಲೋರೈಡು ಹೆಚ್ಚು. ಅದರಿಂದ ಹಲ್ಲು ಕಲೆಗಟ್ಟಿ ಮೂಳೆ ಬಾಗಿದವರು ಎಷ್ಟೋ ಮಂದಿ. 2013ರಿಂದ ಹೊಗೇನಕಲ್ಲಿನ ನೀರನ್ನೇ ಶುದ್ಧಿ ಮಾಡಿ ಆ ಊರುಗಳಿಗೆ ಕುಡಿಯಲು ಕೊಡಲಾಗುತ್ತಿದೆ. ನೀರುನಾಯಿ ಬದುಕಲಾರದಷ್ಟು ಹೊಳೆ ಕೆಟ್ಟರೆ ಆ ಮಕ್ಕಳ ಲೋಟಕ್ಕೆ ಬರುವ ನೀರೂ ಕೆಟ್ಟಂತೆಯೇ.

ಹೋಗಬೇಕೆನ್ನುವವರಿಗೆ

ಕಾಸರಗೋಡಿನಿಂದ ಹೋಗುವುದು ಕಷ್ಟವಲ್ಲ. ಮಂಗಳೂರಿನಿಂದ ಚೆನ್ನೈಗೆ ಹೋಗುವ ಮೈಲು ಗಾಡಿಯೂ ವೆಸ್ಟ್ ಕೋಸ್ಟ್ ಗಾಡಿಯೂ ಪಾಲಕ್ಕಾಡು, ಈರೋಡು ದಾಟಿ ಸೇಲಂನಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಸ್ಸಿನಲ್ಲಿ ಧರ್ಮಪುರಿ, ಧರ್ಮಪುರಿಯಿಂದ ಪೆನ್ನಾಗರದ ಮೇಲಾಗಿ ಹೊಗೇನಕಲ್ಲಿಗೆ 46 ಕಿಲೋಮೀಟರ್.

ಜಲಪಾತದ ಅಬ್ಬರ ನೋಡಬೇಕೆನ್ನುವವರು ಮಳೆಗಾಲದಲ್ಲಿ ಹೋಗುತ್ತಾರೆ. ಆದರೆ ನೆರೆ ಬಂದಾಗ ಹರಿಗೋಲು ಇಳಿಸಲು ಜಿಲ್ಲಾಡಳಿತ ಬಿಡುವುದಿಲ್ಲ, ಬಿಡಬಾರದು ಕೂಡ. ಪ್ರಾಣಿಪಕ್ಷಿಗಳನ್ನು ನೋಡುವವರಿಗೆ ನವೆಂಬರ ಕಳೆದು ಫೆಬ್ರವರಿಯವರೆಗಿನ ಕಾಲ ಯೋಗ್ಯ. ಬೆಳಗ್ಗೆ ಬೇಗನೆ ದಡದಲ್ಲಿರಬೇಕು. ಹಿಂದೆ ಹರಿಗೋಲು ಮಗುಚಿ ಪ್ರಾಣಹಾನಿಯಾದದ್ದುಂಟು. ತೇಲುವ ಜಾಕೀಟು ತೊಡದೆ ಹತ್ತಬಾರದು, ಹೇಳಿದ್ದಕ್ಕಿಂತ ಹೆಚ್ಚು ಜನ ಹತ್ತಬಾರದು, ನಡುಹೊಳೆಯಲ್ಲಿ ಎದ್ದು ನಿಲ್ಲಬಾರದು. ನಿರ್ಜನವಾದ ಮಡುವಿನಲ್ಲಿ ಈಜುವ ಆಸೆ ಬೇಡ, ಅದು ಮೊಸಳೆಯ ಮನೆ. ಬಂಡೆಗಳ ಮೇಲಿನ ಕೋತಿಗಳಿಗೆ ತಿಂಡಿ ಹಾಕುವುದೂ ಬೇಡ. ತಿಂದ ಪೊಟ್ಟಣ, ಎಣ್ಣೆಯ ಬಾಟ್ಲಿ, ಶಾಂಪೂವಿನ ಚೀಟಿ ಯಾವುದನ್ನೂ ನೀರಿಗೆ ಬಿಡದೆ ಚೀಲದಲ್ಲಿ ವಾಪಸು ತರಬೇಕು. ಚೌಕಾಸಿ ಮಾಡುವಾಗ ಒಂದು ಮಾತು ನೆನಪಿರಲಿ. ಹೊಳೆಯಲ್ಲಿ ನೀರು ಹೆಚ್ಚಾದರೂ ತೀರಾ ಕಡಿಮೆಯಾದರೂ ಅಂಬಿಗನ ಒಲೆ ಉರಿಯುವುದಿಲ್ಲ. ನೀರುನಾಯಿಯ ಕಟ್ಟೆಯೂ ಮೊಸಳೆಯ ದಿಣ್ಣೆಯೂ ಎಲ್ಲಿವೆಯೆಂದು ಅವನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಜನ ಬರುವುದು ಜಲಪಾತಕ್ಕೆ ಮಾತ್ರವಲ್ಲ, ಈ ಜೀವಿಗಳನ್ನು ನೋಡುವುದಕ್ಕೂ ಹೌದೆಂದು ಅವನಿಗೆ ಅರಿವಾದರೆ ಅವುಗಳಿಗೆ ಅವನಿಗಿಂತ ಒಳ್ಳೆಯ ಕಾವಲುಗಾರ ಸಿಗಲಾರ.

ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು, ಕಂಡದ್ದರ ಹೆಸರನ್ನು ಬರೆಸಿರಿ. ನಾವು ಮೊಸಳೆ ಎನ್ನುವುದನ್ನು ತಮಿಳರು ಮುದಲೈ, ಮಲಯಾಳಿಗಳು ಮುದಲ ಎನ್ನುತ್ತಾರೆ. ನಮ್ಮ ಆಮೆ ಅಲ್ಲಿ ಆಮೈ, ಇಲ್ಲಿ ಆಮ. ನಮ್ಮ ನೀರುನಾಯಿ ಮೂರು ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ನೀರುನಾಯಿಯೇ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು ಭಾಷೆಯ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಪಟ್ಟಿ ಬರೆಯುವುದು ಸುಲಭ. ಕನ್ನಡದ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಲಿ. ಹೆಸರು ತಿಳಿದ ಜೀವಿಯ ಮೇಲೆ ಕಲ್ಲೆಸೆಯಲು ಮಕ್ಕಳ ಕೈ ಸುಲಭವಾಗಿ ಏಳುವುದಿಲ್ಲ.